ಮಾಲ್ಟಾದಲ್ಲಿ ಆರು ರಾತ್ರಿ: ಅಮ್ಮನ ಮಂಡಿನೋವು, ಅಪ್ಪನ ಕಲ್ಲುಗಳು

ಅಕ್ಟೋಬರ್ ಎರಡನೇ ಅರ್ಧದಲ್ಲಿ ನಾವು ನಾಲ್ಕು ಜನ ಮೆಡಿಟರೇನಿಯನ್ ಸಮುದ್ರದ ದ್ವೀಪದೇಶ ಮಾಲ್ಟಾಕ್ಕೆ ಹೋಗಿ ಬಂದೆವು. ಅಪ್ಪ, ಅಮ್ಮ, ನನ್ನ ಒಂಬತ್ತು ವರ್ಷದ ಮಗಳು, ನಾನು. ಶನಿವಾರ ಸಂಜೆ ಇಳಿದು ಮುಂದಿನ ಶುಕ್ರವಾರ ಸಂಜೆ ಹೊರಟೆವು. ಈ ಪ್ರವಾಸದ ಯೋಜನೆಯನ್ನು ನಾನು ಎರಡು ಸಲ ಮಾಡಬೇಕಾಯಿತು. ಮೊದಲನೆಯದನ್ನು ಪೂರ್ತಿ ಬಿಟ್ಟೆ. ಯಾಕೆ ಬಿಟ್ಟೆ, ಎರಡನೆಯದನ್ನು ಹೇಗೆ ಕಟ್ಟಿದೆ, ಅದರಲ್ಲೂ ಏನು ಕೈಕೊಟ್ಟಿತು ಅನ್ನುವುದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಇಂಥ ಜಾಗಕ್ಕೆ ಹೋಗಬೇಕು ಅಂದುಕೊಂಡವರಿಗೆ ಉಪಯೋಗವಾಗಬಹುದು.

ನಾನಿರುವುದು ಜರ್ಮನಿಯಲ್ಲಿ. ಅಪ್ಪ ಅಮ್ಮ ಹಾಸನದಿಂದ ಎರಡು ತಿಂಗಳಿಗೆ ಅಂತ ಬಂದಿದ್ದರು. ಅವರ ಹತ್ತಿರ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ, ಇತ್ತು. ಮಾಲ್ಟಾ 2007ರಿಂದ ಷೆಂಗೆನ್ ಒಳಗೇ ಇರುವ ದೇಶ. ಹಾಗಾಗಿ ಬೇರೆ ವೀಸಾ ಬೇಕಾಗಲಿಲ್ಲ, ವೀಸಾದಲ್ಲಿ ಎಷ್ಟು ದಿನ ಉಳಿದಿದೆ ಅಂತ ಎಣಿಸಿಕೊಂಡರೆ ಸಾಕಾಯಿತು.

ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ವಯಸ್ಸು 72, ಕಾಲು ಇನ್ನೂ ಗಟ್ಟಿ. ಹಳೇಬೀಡಿಗೆ ಮಕ್ಕಳನ್ನು ಎಷ್ಟು ಸಲ ಕರೆದುಕೊಂಡು ಹೋಗಿದ್ದಾರೋ ಲೆಕ್ಕವಿಲ್ಲ. ಅಮ್ಮನಿಗೆ 67. ಎರಡೂ ಮಂಡಿ ಸವೆದಿವೆ. ಸಮತಟ್ಟಾದ ದಾರಿಯಲ್ಲಿ ಹತ್ತು ನಿಮಿಷ ನಡೆಯುತ್ತಾರೆ, ಆಮೇಲೆ ಕೂರಬೇಕು. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಜಾಸ್ತಿ ಕಷ್ಟ. ಇದು ನನಗೆ ಗೊತ್ತಿದ್ದ ವಿಷಯವೇ. ಆದರೂ ಮೊದಲ ಯೋಜನೆ ಮಾಡುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮೊದಲ ಪಟ್ಟಿ

ಮಾಲ್ಟಾ ಚಿಕ್ಕ ದೇಶ. ಮೂರು ದ್ವೀಪ ಸೇರಿ 316 ಚದರ ಕಿಲೋಮೀಟರ್. ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ. ದೊಡ್ಡ ದ್ವೀಪ ಈ ತುದಿಯಿಂದ ಆ ತುದಿಗೆ ಸುಮಾರು 27 ಕಿಲೋಮೀಟರ್. ಇದನ್ನು ನೋಡಿದ ಮೇಲೆ ನನಗೆ ಧೈರ್ಯ ಬಂತು. ದಿನಕ್ಕೆ ನಾಲ್ಕು ಜಾಗದ ಹಾಗೆ ಐದು ದಿನಕ್ಕೆ ಇಪ್ಪತ್ತು ಜಾಗ ಬರೆದೆ. ಬೆಳಿಗ್ಗೆ ಹಾಜರ್ ಈಮ್ ಅನ್ನುವ ಇತಿಹಾಸಪೂರ್ವ ಕಾಲದ ಕಲ್ಲಿನ ದೇವಾಲಯ, ಆಮೇಲೆ ಸಮುದ್ರದ ಗುಹೆಗಳು, ಊಟ, ಮಧ್ಯಾಹ್ನ ಇಮ್ದಿನಾ ಕೋಟೆಯೂರು, ಸಂಜೆ ದಿಂಗ್ಲಿ ಬಂಡೆಗಳ ಮೇಲೆ ಸೂರ್ಯಾಸ್ತ. ಕಾಗದದ ಮೇಲೆ ಎಲ್ಲ ಹತ್ತಿರ ಹತ್ತಿರವೇ ಇದ್ದವು.

ಒಂದು ರಾತ್ರಿ ಬಸ್ಸಿನ ಸಮಯ ಹಾಕಿ ನೋಡಿದೆ. ರಾಜಧಾನಿ ವಲೆಟ್ಟಾದಿಂದ ಗೋಜೊ ದ್ವೀಪಕ್ಕೆ ದೋಣಿ ಹೊರಡುವ ಚಿರ್ಕೆವ್ವಾಗೆ ಸುಮಾರು 25 ಕಿಲೋಮೀಟರ್. ಬಸ್ಸಿನಲ್ಲಿ ಒಂದು ಗಂಟೆಗೂ ಜಾಸ್ತಿ. ಈ ಪುಟ್ಟ ದೇಶದಲ್ಲಿ ಐದು ಲಕ್ಷಕ್ಕೂ ಮೀರಿ ಜನ ಇದ್ದಾರೆ. ರೈಲಿಲ್ಲ, ಮೆಟ್ರೋ ಇಲ್ಲ. ರಸ್ತೆ ಕಿರಿದು, ಕಾರು ಬಹಳ. ಮುಖ್ಯವಾದ ಬಸ್ಸುಗಳೆಲ್ಲ ವಲೆಟ್ಟಾ ಊರಬಾಗಿಲ ಮುಂದಿನ ನಿಲ್ದಾಣಕ್ಕೇ ಬಂದು ಸೇರುತ್ತವೆ. ಹಾಗಾಗಿ ನಕ್ಷೆಯಲ್ಲಿ ಪಕ್ಕಪಕ್ಕ ಕಾಣುವ ಎರಡು ಊರಿನ ನಡುವೆ ಹೋಗಲು ಎಷ್ಟೋ ಸಲ ವಲೆಟ್ಟಾಗೆ ವಾಪಸ್ ಬಂದು ಬಸ್ ಬದಲಿಸಬೇಕು. ನನ್ನ ಪಟ್ಟಿಯಲ್ಲಿ ದಿನಕ್ಕೆ ಮೂರೂವರೆ ಗಂಟೆ ಬಸ್ಸಿಗೇ ಹೋಗುತ್ತಿತ್ತು. ಅದರಲ್ಲಿ ಅಮ್ಮ ನಿಂತು ಕಾಯುವುದು ಎಷ್ಟು ಅಂತ ಯೋಚಿಸಿದ ಮೇಲೆ ಪಟ್ಟಿ ಮುಚ್ಚಿಟ್ಟೆ.

ಕಾರು ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ ಮಾಡಿದೆ. ಮಾಲ್ಟಾ 1964ರವರೆಗೆ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿ ನಮ್ಮ ಹಾಗೆ ರಸ್ತೆಯ ಎಡಕ್ಕೇ ಓಡಿಸುತ್ತಾರೆ. ಆದರೆ ನನಗೆ ಈಗ ಬಲಕ್ಕೆ ಓಡಿಸಿ ರೂಢಿ. ಹಳೆಯ ಊರುಗಳಲ್ಲಿ ಪಾರ್ಕಿಂಗ್ ಸಿಗುವುದೂ ಕಷ್ಟ. ಬಿಟ್ಟೆ.

ಎರಡನೇ ಯೋಜನೆ

ಈ ಸಲ ಜಾಗಗಳಿಂದ ಶುರು ಮಾಡಲಿಲ್ಲ. ಯಾವುದನ್ನು ಅಲುಗಾಡಿಸಲು ಆಗುವುದಿಲ್ಲವೋ ಅದನ್ನು ಮೊದಲು ಬರೆದೆ.

ಮೊದಲನೆಯದು ಹೈಪೊಜಿಯಮ್. ಪಾವೊಲಾ ಅನ್ನುವ ಊರಿನ ಮನೆಗಳ ಕೆಳಗೆ, ನೆಲದೊಳಗೆ, ಮೂರು ಅಂತಸ್ತಿನಲ್ಲಿ ಕಲ್ಲು ಕೊರೆದು ಮಾಡಿದ ಸಮಾಧಿ. ಕ್ರಿಸ್ತಪೂರ್ವ 4000ದ ಹೊತ್ತಿಗೆ ಶುರುವಾಗಿ ಸುಮಾರು 2500ರವರೆಗೆ ಬಳಕೆಯಲ್ಲಿತ್ತು. ಸುಮಾರು 7000 ಜನರ ಮೂಳೆಗಳು ಅಲ್ಲಿದ್ದವು ಅಂತ ಅಂದಾಜು. 1902ರಲ್ಲಿ ಮನೆ ಕಟ್ಟುವವರು ನೀರಿನ ತೊಟ್ಟಿ ತೋಡುವಾಗ ಸಿಕ್ಕಿದ್ದು. ಒಳಗಿನ ಕೆಂಪು ಬಣ್ಣದ ಚಿತ್ರಗಳು ನಮ್ಮ ಉಸಿರಿಗೂ ಬೆವರಿಗೂ ಹಾಳಾಗುತ್ತವೆ. ಅದಕ್ಕೇ ಗಂಟೆಗೆ ಹತ್ತೇ ಜನರನ್ನು ಬಿಡುತ್ತಾರೆ. ಆರು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ, ಫೋಟೋ ತೆಗೆಯುವಂತಿಲ್ಲ. ಟಿಕೆಟ್ ತಿಂಗಳುಗಳ ಮುಂಚೆಯೇ ಮುಗಿದುಹೋಗುತ್ತದೆ.

ನಾನು ನೋಡಿದ್ದು ಹತ್ತು ವಾರ ಮುಂಚೆ. ಇಡೀ ವಾರದಲ್ಲಿ ಬುಧವಾರ ಬೆಳಿಗ್ಗೆ ಎರಡೇ ಎರಡು ಟಿಕೆಟ್ ಉಳಿದಿತ್ತು. ನಾವು ನಾಲ್ಕು ಜನ. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಅಲ್ಲಿ ಮೆಟ್ಟಿಲು ಇದೆಯಾ?" ಅಂತ ಕೇಳಿದರು. ಇದೆ ಅಂದೆ. "ಹಾಗಾದ್ರೆ ತಾತ ಮೊಮ್ಮಗಳು ಹೋಗಿ ಬರಲಿ. ನೀನು ನನ್ ಜೊತೆ ಇರು" ಅಂದರು. ಅರ್ಧ ನಿಮಿಷದಲ್ಲಿ ಮುಗಿದ ಮಾತು. ಆದರೆ ಇಡೀ ಪ್ರವಾಸದ ದಾರಿ ಅಲ್ಲೇ ಸಿಕ್ಕಿತು. ನಾಲ್ಕೂ ಜನ ಎಲ್ಲವನ್ನೂ ಒಟ್ಟಿಗೇ ನೋಡಬೇಕಾಗಿಲ್ಲ, ಅಲ್ವಾ?

ಎರಡನೆಯದು ಭಾನುವಾರ. ವಲೆಟ್ಟಾದ ಸೇಂಟ್ ಜಾನ್ ಕ್ಯಾಥೆಡ್ರಲ್ ಭಾನುವಾರ ಪ್ರವಾಸಿಗರಿಗೆ ತೆರೆಯುವುದಿಲ್ಲ, ಅವತ್ತು ಪೂಜೆ ಮಾತ್ರ. ಅದೇ ಭಾನುವಾರ ಮಾರ್ಸಾಶ್ಲೋಕ್ ಅನ್ನುವ ಮೀನುಗಾರರ ಊರಿನಲ್ಲಿ ಸಂತೆ ನೆರೆಯುತ್ತದೆ. ಹಾಗಾಗಿ ಭಾನುವಾರ ಸಂತೆ, ಸೋಮವಾರ ಕ್ಯಾಥೆಡ್ರಲ್. ಮಂಗಳವಾರ ಗೋಜೊ. ಬುಧವಾರ ಪಾವೊಲಾ. ಗುರುವಾರ ಖಾಲಿ. ಶುಕ್ರವಾರ ಬೆಳಿಗ್ಗೆಯೂ ಖಾಲಿ. ದಿನಕ್ಕೆ ಒಂದೇ ಮುಖ್ಯ ಜಾಗ, ಮಧ್ಯಾಹ್ನ ಮನೆಗೆ ಬಂದು ಎರಡು ಗಂಟೆ ಮಲಗುವುದು. ಕೊಮಿನೊ ದ್ವೀಪದ ನೀಲಿ ಕೊಳವನ್ನು ಕೈಬಿಟ್ಟೆ. ಅಲ್ಲಿಗೆ ಹೋಗುವುದು ಈಜಲು. ನಮ್ಮಲ್ಲಿ ಈಜುವವರು ಯಾರೂ ಇಲ್ಲ.

ಮನೆ ಎಲ್ಲಿ ಹಿಡಿಯಬೇಕು ಅನ್ನುವುದಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಸ್ಲೀಮಾ ಕಡೆ ಹೋಟೆಲ್ ಬಹಳ, ಸಮುದ್ರದ ಪಕ್ಕ ಸಮತಟ್ಟು. ಆದರೆ ಅಲ್ಲಿದ್ದರೆ ದಿನಾ ಬಸ್ ಹತ್ತಿ ವಲೆಟ್ಟಾಗೆ ಬಂದು ಬದಲಿಸಬೇಕು. ವಲೆಟ್ಟಾ ಒಂದು ಉದ್ದನೆಯ ದಿಣ್ಣೆಯ ಮೇಲೆ ಕಟ್ಟಿದ ಊರು. ಬೆನ್ನಿನ ಮೇಲಿನ ರಿಪಬ್ಲಿಕ್ ಸ್ಟ್ರೀಟ್, ಮರ್ಚೆಂಟ್ಸ್ ಸ್ಟ್ರೀಟ್ ಊರಬಾಗಿಲ ಕಡೆ ಹೆಚ್ಚುಕಡಿಮೆ ಸಮ. ಅಡ್ಡರಸ್ತೆಗಳು ಎರಡೂ ಕಡೆ ಸಮುದ್ರಕ್ಕೆ ಜಾರುತ್ತವೆ. ಎಷ್ಟೋ ಕಡೆ ರಸ್ತೆಯೇ ಮೆಟ್ಟಿಲು. ಆದ್ದರಿಂದ ಊರಬಾಗಿಲಿನ ಹತ್ತಿರ, ಮೇಲಿನ ಭಾಗದಲ್ಲೇ ಬೇಕು ಅಂತ ಹುಡುಕಿದೆ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರುವುದು ಅಪರೂಪ. ಎಂಟು ಮನೆಗಳಿಗೆ ಬರೆದು ಕೇಳಿದೆ, ಲಿಫ್ಟ್ ಇದ್ದದ್ದು ಎರಡರಲ್ಲಿ. ಅಡುಗೆಮನೆ ಇದ್ದದ್ದನ್ನು ಹಿಡಿದೆ. ಬಾಡಿಗೆ ಸ್ಲೀಮಾಕ್ಕಿಂತ ಜಾಸ್ತಿಯಾಯಿತು. ಆ ದುಡ್ಡು ಸಾರ್ಥಕ.

ಮೊದಲ ದಿನವೇ ಕಲಿತದ್ದು

ಮಾರ್ಸಾಶ್ಲೋಕ್ ಚೆನ್ನಾಗಿತ್ತು. ಹಳದಿ, ನೀಲಿ, ಕೆಂಪು, ಹಸಿರು ಬಳಿದ ಲುಟ್ಸು ದೋಣಿಗಳು, ಪ್ರತಿ ದೋಣಿಯ ಮೂತಿಗೆ ಎರಡು ಕಣ್ಣು. ದೃಷ್ಟಿ ತಾಗದಿರಲಿ ಅಂತ. ಅಮ್ಮನಿಗೆ ಇದನ್ನು ವಿವರಿಸಬೇಕಾಗಲಿಲ್ಲ. ನಮ್ಮ ಲಾರಿಗಳ ಹಿಂದೆ ಮುಂದೆ ಇರುವುದನ್ನು ನೋಡಿದವರೇ ಅಲ್ವಾ. ಮೀನಿನ ವಾಸನೆಗೆ ಸೆರಗು ಮೂಗಿಗೆ ಹಿಡಿದುಕೊಂಡು, ಜೇನು ಮತ್ತು ಕೇಪರ್ ಮೊಗ್ಗಿನ ಉಪ್ಪಿನಕಾಯಿ ಇಟ್ಟಿದ್ದ ಅಂಗಡಿಗಳ ಮುಂದೆ ಬಹಳ ಹೊತ್ತು ನಿಂತರು.

ವಾಪಸ್ ಬರುವಾಗ ತೊಂದರೆಯಾಯಿತು. ಸಂತೆ ಮುಗಿಸಿ ಎಲ್ಲರೂ ಒಟ್ಟಿಗೇ ಹೊರಡುತ್ತಾರೆ. ಮೊದಲ ಬಸ್ ತುಂಬಿತ್ತು, ನಿಲ್ಲಿಸದೆ ಹೋಯಿತು. ಎರಡನೆಯದೂ ಹಾಗೇ. ನಿಲ್ದಾಣದಲ್ಲಿ ನೆರಳಿರಲಿಲ್ಲ. ಅಕ್ಟೋಬರ್ ಆದರೂ ಮಧ್ಯಾಹ್ನದ ಬಿಸಿಲು ಚುರುಕಾಗಿತ್ತು. ಅಮ್ಮ ಮುಕ್ಕಾಲು ಗಂಟೆ ನಿಂತರು. ಒಂದು ಮಾತೂ ಆಡಲಿಲ್ಲ, ಆದರೆ ಅವತ್ತು ಸಂಜೆ ಮಂಡಿ ಊದಿತ್ತು. ನನಗೆ ತುಂಬ ಬೇಸರವಾಯಿತು. ಆವತ್ತು ರಾತ್ರಿಯೇ ಯೋಜನೆಯಲ್ಲಿ ಒಂದು ಸಾಲು ಸೇರಿಸಿದೆ: ಹೋಗುವಾಗ ಬಸ್, ಬರುವಾಗ ಟ್ಯಾಕ್ಸಿ. ಹೋಗುವಾಗ ವಲೆಟ್ಟಾದಲ್ಲೇ ಬಸ್ ಹೊರಡುವುದರಿಂದ ಸೀಟು ಸಿಗುತ್ತದೆ. ಬರುವಾಗ ನಡುವಿನ ನಿಲ್ದಾಣದಲ್ಲಿ ಆ ಭರವಸೆ ಇಲ್ಲ. ಇಡೀ ವಾರ ಇದನ್ನೇ ಪಾಲಿಸಿದೆವು, ಮತ್ತೆ ಆ ತೊಂದರೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಕ್ಯಾಥೆಡ್ರಲ್. ಹೊರಗಿನಿಂದ ನೋಡಿದರೆ ಗೋದಾಮಿನ ಹಾಗೆ ಬೋಳು ಗೋಡೆ. ಒಳಗೆ ಕಾಲಿಟ್ಟರೆ ಕೆತ್ತನೆಯಿಲ್ಲದ, ಚಿನ್ನ ಬಳಿಯದ ಜಾಗ ಹುಡುಕಬೇಕು. ನೆಲವೆಲ್ಲ ಬಣ್ಣಬಣ್ಣದ ಅಮೃತಶಿಲೆ. ಸುಮಾರು 400 ಸಮಾಧಿ ಕಲ್ಲುಗಳು, ಕೆಳಗೆ ನೈಟ್‌ಗಳು, ಅಂದರೆ ಹಿಂದೆ ಮಾಲ್ಟಾವನ್ನು ಆಳಿದ ಸೇಂಟ್ ಜಾನ್ ಪಂಥದ ಕ್ರೈಸ್ತ ಯೋಧರು. ಕಲ್ಲಿಗೆ ಪೆಟ್ಟಾಗಬಾರದು ಅಂತ ಮೊನಚು ಹಿಮ್ಮಡಿಯ ಚಪ್ಪಲಿ ಬಿಡುವುದಿಲ್ಲ. ಪಕ್ಕದ ಕೋಣೆಯಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೊ 1608ರಲ್ಲಿ ಬರೆದ ಚಿತ್ರವಿದೆ, ಸಂತ ಜಾನ್‌ನ ತಲೆ ಕಡಿಯುವುದು. ಅವನು ತನ್ನ ಹೆಸರು ಹಾಕಿದ ಒಂದೇ ಚಿತ್ರ ಇದು. ಸಹಿ ಇರುವುದು ಕತ್ತಿನಿಂದ ಹರಿದ ರಕ್ತದಲ್ಲಿ. ಅಪ್ಪ ಮೊಮ್ಮಗಳಿಗೆ ತೋರಿಸಲೋ ಬೇಡವೋ ಅಂತ ನನ್ನ ಮುಖ ನೋಡಿದರು. ಅಷ್ಟರಲ್ಲಿ ಅವಳೇ ಹುಡುಕಿ ಹೇಳಿದಳು.

ಆಮೇಲೆ ಅಪ್ಪರ್ ಬರಕ್ಕಾ ಉದ್ಯಾನದಲ್ಲಿ ದಿನಾ ಹನ್ನೆರಡು ಗಂಟೆಗೆ ತೋಪು, ಅಂದರೆ ಫಿರಂಗಿ, ಹಾರಿಸುವುದನ್ನು ನೋಡಿದೆವು. ಅಲ್ಲಿಂದ ಬಂದರಿಗೆ ಇಳಿಯಲು 58 ಮೀಟರ್ ಎತ್ತರದ ಲಿಫ್ಟ್ ಇದೆ, 2012ರಲ್ಲಿ ಮಾಡಿದ್ದು. ಮಂಡಿನೋವಿನವರು ವಲೆಟ್ಟಾಗೆ ಹೋದರೆ ಈ ಲಿಫ್ಟ್ ಎಲ್ಲಿದೆ ಅಂತ ಮೊದಲು ತಿಳಿದುಕೊಳ್ಳಬೇಕು. ಇದಿಲ್ಲದಿದ್ದರೆ ಅಮ್ಮ ಬಂದರನ್ನು ಮೇಲಿನಿಂದಷ್ಟೇ ನೋಡುತ್ತಿದ್ದರು. ಕೆಳಗಿನಿಂದ ದೋಣಿ ಹತ್ತಿ ಎದುರು ದಡದ ಬೊರ್ಮ್ಲಾಗೆ ಹೋಗಿ, ನೀರಿನ ಪಕ್ಕದ ಸಮ ದಾರಿಯಲ್ಲಿ ಬಿರ್ಗುವರೆಗೆ ಕೂತು ಕೂತು ನಡೆದೆವು. ಅಪ್ಪ ಅಲ್ಲಿ ಪಾಠ ಶುರು ಮಾಡಿದರು. 1565ರಲ್ಲಿ ಆಟೊಮನ್ ತುರ್ಕರ ಸೈನ್ಯ ಈ ಬಂದರಿಗೆ ಮುತ್ತಿಗೆ ಹಾಕಿತು. ಮುತ್ತಿಗೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನಡೆಯಿತು. ನೈಟ್‌ಗಳೂ ಊರಿನವರೂ ಬಿರ್ಗುವಿನಲ್ಲಿ ಹಿಡಿದು ನಿಂತರು. ಎದುರಿಗಿನ ಬೋಳು ಗುಡ್ಡ ಶತ್ರುವಿನ ಕೈಗೆ ಸಿಕ್ಕಿದ್ದರಿಂದ ಎಷ್ಟು ಕಷ್ಟವಾಯಿತು ಅಂತ ಕಂಡವರು, ಮಾರನೇ ವರ್ಷ, 1566ರಲ್ಲಿ, ಅದೇ ಗುಡ್ಡದ ಮೇಲೆ ವಲೆಟ್ಟಾ ಕಟ್ಟಲು ಶುರು ಮಾಡಿದರು. ನೀರಿನ ಈಚೆ ಕೂತು ಆಚೆಯ ಊರನ್ನು ನೋಡುತ್ತ ಕೇಳಿದಾಗ ಅದು ಸುಲಭವಾಗಿ ಮನಸ್ಸಿಗೆ ಹತ್ತಿತು. 1878ರಲ್ಲಿ ಬ್ರಿಟಿಷರು ರಷ್ಯಾವನ್ನು ಹೆದರಿಸಲು ನಮ್ಮ ದೇಶದಿಂದ ಸಾವಿರಾರು ಸಿಪಾಯಿಗಳನ್ನು ಹಡಗಿನಲ್ಲಿ ಮಾಲ್ಟಾಕ್ಕೆ ತಂದಿದ್ದರು ಅಂತಲೂ ಅಪ್ಪ ಹೇಳಿದರು. ಅದು ನನಗೆ ಗೊತ್ತಿರಲಿಲ್ಲ.

ಗಾಳಿ

ಮಂಗಳವಾರ ಬೆಳಿಗ್ಗೆ ಜೋರು ಗಾಳಿ. ವಲೆಟ್ಟಾದಿಂದ ನೇರವಾಗಿ ಗೋಜೊಗೆ ಹೋಗುವ ವೇಗದ ದೋಣಿ ಇದೆ, ಮುಕ್ಕಾಲು ಗಂಟೆ. ನನ್ನ ಯೋಜನೆ ನಿಂತಿದ್ದೇ ಅದರ ಮೇಲೆ. ಸಮುದ್ರ ಒರಟಾಗಿದ್ದರಿಂದ ಅವತ್ತು ಅದು ಹೊರಡಲಿಲ್ಲ. ಚಿರ್ಕೆವ್ವಾದಿಂದ ಹೊರಡುವ ದೊಡ್ಡ ದೋಣಿ ನಡೆಯುತ್ತಿತ್ತು. ಆದರೆ ಅದಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ಮೇಲೆ ಕೂತು ಹೋಗಿ, 25 ನಿಮಿಷ ಅಲೆಗಳ ಮೇಲೆ ತೂಗಾಡಬೇಕು. ಗುರುವಾರ ಖಾಲಿ ಇತ್ತಲ್ಲ, ಗೋಜೊವನ್ನು ಅಲ್ಲಿಗೆ ತಳ್ಳಿದೆವು. ಗುರುವಾರಕ್ಕೆ ಸುಮ್ನೆ ಅಂತ ಮನಸ್ಸಿನಲ್ಲಿಟ್ಟುಕೊಂಡಿದ್ದ ಇಮ್ದಿನಾವನ್ನು ಮಂಗಳವಾರಕ್ಕೆ ತಂದೆವು. ಎತ್ತರದ ಗೋಡೆಗಳ ಒಳಗಿನ ಓಣಿಗಳಲ್ಲಿ ಗಾಳಿ ಗೊತ್ತೇ ಆಗಲಿಲ್ಲ. ಆ ಖಾಲಿ ದಿನ ಇಲ್ಲದಿದ್ದರೆ ಗೋಜೊ ತಪ್ಪಿಹೋಗುತ್ತಿತ್ತು. ಮೊದಲ ಪಟ್ಟಿಯಲ್ಲಿ ಖಾಲಿ ದಿನವೇ ಇರಲಿಲ್ಲ.

ಇಮ್ದಿನಾ ವಲೆಟ್ಟಾಗಿಂತ ಮುಂಚಿನ ರಾಜಧಾನಿ. ಹೆಸರು ಅರಬ್ಬಿಯ ಮದೀನಾ, ಅಂದರೆ ಊರು. ಪಕ್ಕದ ರಬಾತ್ ಅದರ ಹೊರಪೇಟೆ. ಮಾಲ್ಟಾದ ಭಾಷೆ ಅರಬ್ಬಿಯ ಮನೆತನದ್ದು, ಆದರೆ ಬರೆಯುವುದು ಇಂಗ್ಲಿಷಿನಂಥ ಅಕ್ಷರಗಳಲ್ಲಿ. ಥ್ಯಾಂಕ್ಸ್ ಅನ್ನುವುದಕ್ಕೆ ಇಟಲಿಯಿಂದ ಬಂದ 'ಗ್ರಾಟ್ಸಿ'. ಮಗಳು ಅದೊಂದನ್ನು ಕಲಿತು ಎಲ್ಲ ಕಡೆ ಹೇಳಿದಳು, ಎಲ್ಲ ಕಡೆ ಅವಳಿಗೆ ಒಂದು ನಗು ಜಾಸ್ತಿ ಸಿಕ್ಕಿತು.

ಊಟದ ವಿಷಯವೂ ಇಲ್ಲೇ ಹೇಳುತ್ತೇನೆ. ಅಮ್ಮ ಸಸ್ಯಾಹಾರಿ. ರಬಾತ್‌ನಲ್ಲಿ ಬಿಸಿ ಬಿಸಿ ಪಸ್ತಿಟ್ಸಿ ಸಿಗುತ್ತದೆ. ಪದರ ಪದರ ಹಿಟ್ಟಿನೊಳಗೆ ರಿಕೊಟ್ಟಾ ಗಿಣ್ಣು ಅಥವಾ ಬಟಾಣಿ. ಆದರೆ ಕೆಲವರು ಹಿಟ್ಟಿಗೆ ಹಂದಿಯ ಕೊಬ್ಬು ಹಾಕುತ್ತಾರೆ. ಒಳಗಿನ ಹೂರಣ ಮಾತ್ರ ಕೇಳಿದರೆ ಸಾಲದು, ಹಿಟ್ಟಿಗೆ ಏನು ಹಾಕಿದ್ದೀರಿ ಅಂತಲೂ ಕೇಳಬೇಕು. ಬಿಗಿಲ್ಲಾ ಅಂತ ಒಂದು ಕಾಳಿನ ಚಟ್ನಿ ಇದೆ, ಬೆಳ್ಳುಳ್ಳಿ ಹಾಕಿ ರುಬ್ಬಿದ್ದು. ಬ್ರೆಡ್ಡಿನ ಜೊತೆ ಅಮ್ಮ ಅದನ್ನು ಇಷ್ಟಪಟ್ಟು ತಿಂದರು. ರಾತ್ರಿ ಮನೆಯಲ್ಲಿ ಅನ್ನ, ಊರಿಂದ ತಂದ ಸಾರಿನ ಪುಡಿ. ನಲ್ಲಿಯ ನೀರಲ್ಲಿ ಮಾಡಿದ ಕಾಫಿ ಮಾತ್ರ ಮೊದಲ ದಿನ ಯಾರಿಗೂ ಸೇರಲಿಲ್ಲ. ಮಾಲ್ಟಾದಲ್ಲಿ ನದಿಯಿಲ್ಲ, ಅರ್ಧಕ್ಕಿಂತ ಹೆಚ್ಚು ನೀರು ಸಮುದ್ರದ ಉಪ್ಪು ತೆಗೆದದ್ದು. ಬಾಟಲಿ ನೀರು ತಂದ ಮೇಲೆ ಕಾಫಿ ಸರಿಹೋಯಿತು. ಇನ್ನೊಂದು ಮಾತು, ಅಲ್ಲಿನ ಪ್ಲಗ್ ಬ್ರಿಟಿಷರ ಮೂರು ಚಪ್ಪಟೆ ಪಿನ್ನಿನದು. ಹಾಸನದ ಚಾರ್ಜರ್ರೂ ಹಿಡಿಸಲಿಲ್ಲ, ಜರ್ಮನಿಯದ್ದೂ ಹಿಡಿಸಲಿಲ್ಲ.

ಎರಡು ಟಿಕೆಟ್

ಬುಧವಾರ ಅಪ್ಪ ಮತ್ತು ಮಗಳನ್ನು ಹೈಪೊಜಿಯಮ್ ಬಾಗಿಲಲ್ಲಿ ಬಿಟ್ಟು ನಾನು ಅಮ್ಮನ ಜೊತೆ ಹತ್ತಿರದಲ್ಲೇ ಇರುವ ತಾರ್ಶೀನ್ ದೇವಾಲಯಗಳಿಗೆ ಹೋದೆ. ಐದು ಸಾವಿರ ವರ್ಷ ಹಳೆಯವು. ಹೊಲದಲ್ಲಿ ಉಳುವಾಗ ರೈತರಿಗೆ ಕಲ್ಲು ತಾಗಿ, 1915ರಿಂದ ಅಗೆದು ತೆಗೆದದ್ದು. ಮೇಲೆ ನೆರಳಿನ ಚಪ್ಪರ ಇದೆ, ನಡೆಯಲು ಹಲಗೆ ದಾರಿ. ಅಮ್ಮ ಕೈಹಿಡಿದ ಕಂಬಿ ಬಿಡದೆ ನಿಧಾನವಾಗಿ ಪೂರ್ತಿ ಸುತ್ತಿದರು. ಒಂದು ಕಲ್ಲಿನ ಮೇಲೆ ಬಳ್ಳಿಯ ಹಾಗೆ ಸುರುಳಿ ಸುರುಳಿ ಕೆತ್ತಿದ್ದಾರೆ. ಅಮ್ಮ ಅದರ ಮುಂದೆ ನಿಂತು ಗಾಳಿಯಲ್ಲಿ ಬೆರಳಾಡಿಸಿದರು. "ಎಲ್ಲಿ ಶುರು ಮಾಡಿದಾರೆ ನೋಡು. ಕೈ ಎತ್ತದೆ ಎಳೆದಿದಾರೆ" ಅಂದರು. ಐವತ್ತು ವರ್ಷ ರಂಗೋಲಿ ಹಾಕಿದ ಕೈ ಅದು. ನಾನು ಆ ಕಲ್ಲನ್ನು ಬರೀ ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಿದ್ದೆ.

ಒಂದು ಗಂಟೆ ಬಿಟ್ಟು ಅಪ್ಪ ಮೊಮ್ಮಗಳು ಬಂದರು. ಇಬ್ಬರೂ ಮೆತ್ತಗೆ ಮಾತಾಡುತ್ತಿದ್ದರು. ಕಲ್ಲಿನೊಳಗೇ ಕಂಬ, ತೊಲೆ, ಚಾವಣಿ ಇರುವ ಹಾಗೆ ಕೊರೆದಿದ್ದಾರೆ ಅಂತ ಅಪ್ಪ ಹೇಳಿದರು. ಅಲ್ಲಿ ಸಿಕ್ಕಿದ 'ಮಲಗಿದ ಹೆಂಗಸು' ಅನ್ನುವ ಪುಟ್ಟ ಮಣ್ಣಿನ ಗೊಂಬೆ ಈಗ ವಲೆಟ್ಟಾದ ಪುರಾತತ್ವ ಮ್ಯೂಸಿಯಮ್ಮಿನಲ್ಲಿದೆ. ಸಂಜೆ ನಾಲ್ವರೂ ಹೋಗಿ ಅದನ್ನು ನೋಡಿದೆವು. ಅಂಗೈಗೆ ಹಿಡಿಯುವಷ್ಟಿದೆ. ಸರ್ಕಾರಿ ಮ್ಯೂಸಿಯಮ್ ಮತ್ತು ದೇವಾಲಯಗಳಿಗೆಲ್ಲ ಒಂದೇ ಪಾಸ್ ಸಿಗುತ್ತದೆ, 30 ದಿನ ನಡೆಯುತ್ತದೆ. ನಾಲ್ಕೈದು ಜಾಗ ನೋಡುವವರು ತೆಗೆದುಕೊಳ್ಳಬಹುದು. ಹೈಪೊಜಿಯಮ್ ಮತ್ತು ಕ್ಯಾಥೆಡ್ರಲ್ ಅದರಲ್ಲಿ ಸೇರಿಲ್ಲ.

ಗುರುವಾರ ಸಮುದ್ರ ಸುಮ್ಮನಾಗಿತ್ತು. ಗೋಜೊದಲ್ಲಿ ಜಿಗಂತಿಯಾ ಅನ್ನುವ ಕಲ್ಲಿನ ದೇವಾಲಯ ನೋಡಿದೆವು. ಈಜಿಪ್ಟಿನ ದೊಡ್ಡ ಪಿರಮಿಡ್ಡಿಗಿಂತ ಸಾವಿರ ವರ್ಷ ಹಿಂದಿನದು. ಟ್ಯಾಕ್ಸಿಯವರು ಕಡಲಿನ ದೊಡ್ಡ ಕಲ್ಲಿನ ಕಿಟಕಿ ಇದ್ದ ಜಾಗಕ್ಕೆ ಹೋಗೋಣವೇ ಅಂತ ಕೇಳಿದರು. ಅದು 2017ರ ಮಾರ್ಚ್‌ನಲ್ಲಿ ಬಿರುಗಾಳಿಗೆ ಕುಸಿದುಹೋಗಿದೆ. ಬೇಡ ಅಂದು ಬೇಗ ಮನೆಗೆ ಬಂದೆವು.

ಉಳಿದದ್ದು ಹಾಜರ್ ಈಮ್. ಅಪ್ಪ ಅದರ ಬಗ್ಗೆ ಕೇಳಿರಲಿಲ್ಲ, ಆದರೆ ಮನಸ್ಸಿನಲ್ಲಿ ಇತ್ತು ಅಂತ ನನಗೆ ಗೊತ್ತಿತ್ತು. ಅಲ್ಲಿಂದ ಅದರ ಜೋಡಿ ದೇವಾಲಯ ಮ್ನಾಯ್ದ್ರಾಗೆ ಸಮುದ್ರದ ಕಡೆ ಅರ್ಧ ಕಿಲೋಮೀಟರ್ ಇಳಿಜಾರು. ಅಮ್ಮನಿಗೆ ಆಗದ ದಾರಿ. ಶುಕ್ರವಾರ ಬೆಳಿಗ್ಗೆ ಅಮ್ಮನನ್ನೂ ಮಗಳನ್ನೂ ಅಪ್ಪರ್ ಬರಕ್ಕಾ ಉದ್ಯಾನದ ನೆರಳಲ್ಲಿ ಕೂರಿಸಿ, ನಾನು ಅಪ್ಪ ಇಬ್ಬರೇ ಟ್ಯಾಕ್ಸಿ ಹಿಡಿದು ಹೊರಟೆವು.

ಹಾಜರ್ ಈಮ್ ಅಂದರೆ ನಿಂತ ಕಲ್ಲು. ಅಪ್ಪ ಗೋಡೆಯ ಪಕ್ಕ ಬಗ್ಗಿ ನೋಡಿದರು. ಕಲ್ಲೆಲ್ಲ ತೂತು ತೂತು, ಪದರ ಎದ್ದಿತ್ತು. "ಇದು ಮೆತ್ತನೆ ಕಲ್ಲು ಕಣಮ್ಮ. ನಮ್ಮ ಬಳಪದ ಕಲ್ಲಿನ ಹಾಗೆ ಕಡೆಯೋದಕ್ಕೆ ಸುಲಭ. ಆದರೆ ಅದರ ಹಾಗೆ ಗಾಳಿ ತಡೆಯೋದಿಲ್ಲ" ಅಂದರು. ಕೆಳಗೆ ಮ್ನಾಯ್ದ್ರಾಗೆ ಹೋದ ಮೇಲೆ ಅವರ ಮುಖ ಅರಳಿತು. ಅಲ್ಲಿ ಹೆಚ್ಚಾಗಿ ಗಟ್ಟಿ ಸುಣ್ಣದಕಲ್ಲು ಬಳಸಿದ್ದಾರೆ. ಮೂಲೆಗಳು ಉಳಿದಿವೆ. ಹಗಲು ರಾತ್ರಿ ಸಮನಾಗುವ ದಿನ ಬೆಳಗಿನ ಬಿಸಿಲು ಕೆಳಗಿನ ದೇವಾಲಯದ ಬಾಗಿಲಿಂದ ನೇರ ಒಳಗೆ ಬರುತ್ತದೆ. ಅಪ್ಪ ಆ ಬಾಗಿಲ ಎದುರು ನಿಂತು, ಕೈ ಚಾಚಿ ಸೂರ್ಯ ಹುಟ್ಟುವ ಕಡೆಗೂ ಒಳಗಿನ ಗೋಡೆಯ ಕಡೆಗೂ ಮೂರ್ನಾಲ್ಕು ಸಲ ಗೆರೆ ಎಳೆದು ನೋಡಿದರು.

ಅಷ್ಟರಲ್ಲಿ ಮಗಳ ಫೋನ್ ಬಂತು. "ತಾತನಿಗೆ ಕೊಡು, ಬೇಗ" ಅಂದಳು. ಅಪ್ಪ ಫೋನ್ ಕಿವಿಗೆ ಹಿಡಿದರು. ಆ ಕಡೆಯಿಂದ ಹನ್ನೆರಡು ಗಂಟೆಯ ತೋಪು ನನಗೂ ಕೇಳಿಸಿತು. ಆಮೇಲೆ ಅಮ್ಮನ ದನಿ: "ನಾವು ಬೆಂಚಿನ ಮೇಲೆ ಕೂತಿದೀವಿ. ಅರ್ಜೆಂಟ್ ಮಾಡ್ಬೇಡಿ, ಪೂರ್ತಿ ನೋಡ್ಕೊಂಡು ಬನ್ನಿ."